ರೆಫರ್ ಎಂದು ಬರೆಯುವ ಮುನ್ನ ಪ್ರೋಬ್ ನೋಡಿ: ಹಸುಗೂಸಿನ ಶ್ರವಣ ತಪಾಸಣೆಯಲ್ಲಿ ದೋಷ ಪತ್ತೆ

ಬಾಣಂತಿ ವಾರ್ಡಿನಲ್ಲಿ ಓಎಇ ಯಂತ್ರ (ಒಳಕಿವಿ ಹೊರಡಿಸುವ ಸಣ್ಣ ದನಿಯನ್ನು ಹಿಡಿಯುವ ಯಂತ್ರ) ಹಿಡಿದು ಕೂಸಿನ ಪಕ್ಕದಲ್ಲಿ ಕುಳಿತವರಿಗೆ ಆ ಯಂತ್ರ ಕೊಡುವ ಉತ್ತರ ಎರಡೇ: ಪಾಸ್ ಅಥವಾ ರೆಫರ್, ಅಂದರೆ ಮುಂದಿನ ಪರೀಕ್ಷೆಗೆ ಕಳಿಸಿ ಎಂದು. ರೆಫರ್ ಬಂದ ಮಾತ್ರಕ್ಕೆ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದಾಗುವುದಿಲ್ಲ. ಒಳಕಿವಿಯಿಂದ ಬರಬೇಕಾದ ಸಣ್ಣ ದನಿ ಈ ಸಲದ ಪರೀಕ್ಷೆಯಲ್ಲಿ ಯಂತ್ರಕ್ಕೆ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಅದು ಸಿಗದಿರಲು ಒಳಕಿವಿಯ ದೋಷ ಕಾರಣವಿರಬಹುದು, ನಡುಗಿವಿಯಲ್ಲಿ ನಿಂತ ದ್ರವ ಕಾರಣವಿರಬಹುದು, ಕಿವಿಯೊಳಗಿಡುವ ಯಂತ್ರದ ತುದಿ, ಅಂದರೆ ಪ್ರೋಬ್, ಕಿವಿನಾಳದಲ್ಲಿ ಸರಿಯಾಗಿ ಕೂರದಿರುವುದೂ ಕಾರಣವಿರಬಹುದು. ಯಾವುದು ಕಾರಣ ಎಂಬುದನ್ನು ಪರದೆಯ ಮೇಲಿನ ಒಂದು ಪದ ತಿಳಿಸುವುದಿಲ್ಲ; ಪರೀಕ್ಷೆ ಮಾಡುವವರೇ ಹುಡುಕಬೇಕು.

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಬಾಣಂತಿಗೆ ರೆಫರ್ ಚೀಟಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಹುಡುಕಾಟದ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಪರೀಕ್ಷೆಗೆ ಮೈಸೂರಿಗೆ ಹೋಗಬೇಕೆಂದರೆ ಮಂಡ್ಯ ಪಟ್ಟಣದಿಂದಲೇ ಸುಮಾರು 45 ಕಿಲೋಮೀಟರ್. ಹಸಿಮೈಯ ಬಾಣಂತಿಯನ್ನು ಬಸ್ಸಿನಲ್ಲಿ ಕರೆದೊಯ್ಯಲು ಮನೆಯ ಹಿರಿಯರು ಒಪ್ಪುವುದಿಲ್ಲ, ಗಂಡನ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ‘ಕೂಸಿಗೆ ಕಿವಿ ಕೇಳಿಸೋದಿಲ್ಲವಂತೆ’ ಎಂಬ ಮಾತು ಊರು ತುಂಬುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸುಮ್ಮಸುಮ್ಮನೆ ರೆಫರ್ ಆದ ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಜನ ಆ ಚೀಟಿಯನ್ನು ನಂಬುವುದನ್ನು ಬಿಡುತ್ತಾರೆ, ಆಗ ನಿಜವಾಗಿ ಶ್ರವಣದೋಷವಿರುವ ಮಗುವೂ ಮರುಪರೀಕ್ಷೆಗೆ ಬಾರದೆ ಮನೆಯಲ್ಲಿಯೇ ಉಳಿದುಬಿಡುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬ ಗುರಿಯನ್ನು ನಾವೆಲ್ಲರೂ ಓದಿದ್ದೇವೆ. ಆ ಗುರಿ ತಪ್ಪುವುದು ಬಹಳ ಸಲ ಮೊದಲ ಮೆಟ್ಟಿಲಿನಲ್ಲಿಯೇ.

ಪ್ರೋಬ್ ಬಿಗಿಯಾಗಿ ಕೂರಬೇಕು ಏಕೆ

ಒಳಕಿವಿ ಶಬ್ದವನ್ನು ಗ್ರಹಿಸುವುದಷ್ಟೇ ಅಲ್ಲದೆ ಅದಕ್ಕೆ ತಾನೂ ಶಕ್ತಿ ಕೂಡಿಸುತ್ತದೆ ಎಂಬ ಊಹೆಯನ್ನು ಥಾಮಸ್ ಗೋಲ್ಡ್ 1948ರಲ್ಲಿಯೇ ಮುಂದಿಟ್ಟಿದ್ದರು. ಆದರೆ ಕಿವಿಯಿಂದ ಹೊರಬರುವ ಆ ದನಿಯನ್ನು ದಾಖಲಿಸಿ 1978ರಲ್ಲಿ ಪ್ರಕಟಿಸಿದವರು ಲಂಡನ್ನಿನ ಡೇವಿಡ್ ಕೆಂಪ್. ಅವರು ಕಿವಿನಾಳವನ್ನು ಮುಚ್ಚಿ, ಮುಚ್ಚಿದ ಆ ಚಿಕ್ಕ ಜಾಗದೊಳಗೆ ಮೈಕ್ರೋಫೋನನ್ನಿಟ್ಟು ಆಲಿಸಿದ್ದರು. ನಾವು ಇಂದು ವಾರ್ಡಿನಲ್ಲಿ ಮಾಡುವುದೂ ಅದನ್ನೇ. ಹೆಬ್ಬೆರಳಿನಷ್ಟಿರುವ ಪ್ರೋಬಿನೊಳಗೆ ಶಬ್ದ ಕಳಿಸುವ ಒಂದೋ ಎರಡೋ ಸ್ಪೀಕರುಗಳೂ ಮರಳಿ ಬರುವುದನ್ನು ಕೇಳುವ ಒಂದು ಮೈಕ್ರೋಫೋನೂ ಇರುತ್ತವೆ. ಒಳಕಿವಿಯ ಹೊರಕೂದಲು ಕೋಶಗಳಿಂದ ಹೊರಡುವ ದನಿ ಬಹಳ ಕ್ಷೀಣವಾದದ್ದು; ಅದು ನಡುಗಿವಿಯನ್ನೂ ತಮಟೆಯನ್ನೂ ದಾಟಿ ನಾಳಕ್ಕೆ ಬರುವ ಹೊತ್ತಿಗೆ ಮುಚ್ಚಿದ ಜಾಗದಲ್ಲಿ ಮಾತ್ರ ಹಿಡಿಯುವಷ್ಟು ಉಳಿದಿರುತ್ತದೆ.

ಪ್ರೋಬಿನ ಮೂತಿಗೆ ಹಾಕುವ ಮೆತ್ತನೆಯ ಟಿಪ್ ಮತ್ತು ನಾಳದ ಗೋಡೆಯ ನಡುವೆ ಒಂದು ಎಳೆಯಷ್ಟು ಸಂದು ಉಳಿದರೂ ಎರಡು ಕೆಡುಕುಗಳು ಒಟ್ಟಿಗೆ ಆಗುತ್ತವೆ. ನಾವು ಕಳಿಸಿದ ಶಬ್ದದ ಕೆಳ ಆವರ್ತನಗಳು ಆ ಸಂದಿನಿಂದ ಹೊರಗೆ ಸೋರಿಹೋಗುತ್ತವೆ. ವಾರ್ಡಿನ ಗದ್ದಲ ಅದೇ ಸಂದಿನಿಂದ ಒಳಗೆ ನುಗ್ಗುತ್ತದೆ. ಗದ್ದಲದಲ್ಲಿಯೂ ಹೆಚ್ಚಿನ ಪಾಲು ಕೆಳ ಆವರ್ತನದ್ದೇ ಆದುದರಿಂದ ಏಟು ಬೀಳುವುದು ಒಂದೇ ಕಡೆಗೆ. ಈ ಕಾರಣದಿಂದ, 3 ಮತ್ತು 4 ಕಿಲೋಹರ್ಟ್ಸ್‌ನಲ್ಲಿ ಚೆನ್ನಾಗಿ ಬಂದು 1.5 ಅಥವಾ 2 ಕಿಲೋಹರ್ಟ್ಸ್‌ನಲ್ಲಿ ಮಾತ್ರ ಬಿದ್ದುಹೋದ ಫಲಿತಾಂಶವನ್ನು ಕಂಡರೆ ನಾನು ಮಗುವನ್ನು ಅನುಮಾನಿಸುವ ಮೊದಲು ಟಿಪ್ಪನ್ನು ಅನುಮಾನಿಸುತ್ತೇನೆ. ಎಲ್ಲ ಆವರ್ತನಗಳೂ ಒಟ್ಟಿಗೆ ಬಿದ್ದಿದ್ದರೆ, ಮತ್ತು ಗದ್ದಲದ ಮಟ್ಟವೂ ಅಸಹಜವಾಗಿ ಕಡಿಮೆಯಿದ್ದರೆ, ಪ್ರೋಬಿನ ರಂಧ್ರ ಮುಚ್ಚಿಕೊಂಡಿದೆಯೇ ಎಂದು ನೋಡಬೇಕು. ಗದ್ದಲ ತೀರಾ ಕಡಿಮೆಯಿರುವುದು ಒಳ್ಳೆಯ ಲಕ್ಷಣವೆಂದು ಹೊಸಬರು ಸಂತೋಷಪಡುತ್ತಾರೆ. ಕಿವಿ ಮುಚ್ಚಿಕೊಂಡ ಮೈಕ್ರೋಫೋನಿಗೆ ಗದ್ದಲವೂ ಕೇಳಿಸುವುದಿಲ್ಲ ಎಂಬುದನ್ನು ಅವರು ಮರೆತಿರುತ್ತಾರೆ.

ಮೊದಲು ಕಣ್ಣು ಮತ್ತು ಕೈ, ಆಮೇಲೆ ಪರದೆ

ಯಂತ್ರ ‘ಪ್ರೋಬ್ ಸರಿಯಾಗಿದೆ’ ಎಂದು ಹಸಿರು ದೀಪ ತೋರಿಸಿದ ಕೂಡಲೇ ಪರೀಕ್ಷೆ ಆರಂಭಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹಸಿರು ದೀಪ ಕನಿಷ್ಠ ಮಟ್ಟವನ್ನು ಮಾತ್ರ ಹೇಳುತ್ತದೆ. ಅನೇಕ ಯಂತ್ರಗಳು ಸೋರಿಕೆ ಇರುವಲ್ಲಿ ತಾವೇ ಸ್ಪೀಕರಿನ ಬಲವನ್ನು ಏರಿಸಿ ನಿಗದಿತ ಮಟ್ಟವನ್ನು ಮುಟ್ಟಿಬಿಡುತ್ತವೆ. ಶಬ್ದದ ಮಟ್ಟ ಸರಿಯೆಂದು ತೋರುತ್ತದೆ, ಸಂದು ಮಾತ್ರ ಹಾಗೆಯೇ ಉಳಿದಿರುತ್ತದೆ, ಗದ್ದಲವೂ ಹಾಗೆಯೇ ಒಳಬರುತ್ತಿರುತ್ತದೆ. ಆದ್ದರಿಂದ ದೀಪಕ್ಕಿಂತ ಮೊದಲು ನೋಡಬೇಕಾದವು ಬೇರೆ ಇವೆ.

ಟಿಪ್ಪಿನ ಅಳತೆಯನ್ನು ಮಗುವಿನ ತೂಕ ನೋಡಿ ಆರಿಸಬಾರದು, ನಾಳದ ಬಾಯಿ ನೋಡಿ ಆರಿಸಬೇಕು. ಎರಡೂವರೆ ಕಿಲೋ ತೂಗುವ ಎರಡು ಕೂಸುಗಳ ನಾಳದ ಬಾಯಿ ಒಂದೇ ಅಳತೆಯದಾಗಿರುವುದಿಲ್ಲ, ಒಂದೇ ಕೂಸಿನ ಎಡಗಿವಿಗೂ ಬಲಗಿವಿಗೂ ಒಮ್ಮೊಮ್ಮೆ ಬೇರೆ ಟಿಪ್ ಬೇಕಾಗುತ್ತದೆ. ಚಿಕ್ಕ ಟಿಪ್ ಸುಲಭವಾಗಿ ಒಳಹೋಗುವುದರಿಂದ ಕೈ ಅದರ ಕಡೆಗೇ ಹೋಗುತ್ತದೆ. ನಾನು ಮಾತ್ರ ಸಂದೇಹವಿದ್ದಲ್ಲಿ ಒಂದು ಅಳತೆ ದೊಡ್ಡದನ್ನೇ ಮೊದಲು ಹಚ್ಚಿ ನೋಡುತ್ತೇನೆ, ಏಕೆಂದರೆ ದೊಡ್ಡದು ಹೊಂದದಿದ್ದರೆ ಅದು ಹೊರಗೇ ನಿಂತು ಕಣ್ಣಿಗೆ ಕಾಣುತ್ತದೆ, ಚಿಕ್ಕದು ಹೊಂದದಿದ್ದರೆ ಒಳಗೆ ಕೂತೇ ಮೋಸಮಾಡುತ್ತದೆ.

ಟಿಪ್ಪನ್ನು ಪ್ರೋಬಿಗೆ ಹಾಕುವಾಗ ಬುಡ ಮುಟ್ಟುವವರೆಗೆ ಒತ್ತಬೇಕು. ಅರ್ಧಕ್ಕೆ ನಿಂತ ಟಿಪ್ಪಿನ ಮೆತ್ತನೆಯ ತುದಿ ಪ್ರೋಬಿನ ಮೂತಿಗಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ, ಕಿವಿಯೊಳಗೆ ಹೋಗುವಾಗ ಅದು ಮಡಚಿಕೊಂಡು ರಂಧ್ರಕ್ಕೆ ಅಡ್ಡವಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಂದೇಹವಿದ್ದರೆ ಪ್ರೋಬನ್ನು ತಿರುಗಿಸಿ ಮೂತಿಯನ್ನು ನೇರವಾಗಿ ಕಣ್ಣೆದುರಿಗೆ ಹಿಡಿದು, ರಂಧ್ರಗಳೆಲ್ಲ ಕಾಣುತ್ತಿವೆಯೇ ಎಂದು ಬೆಳಕಿನಲ್ಲಿ ನೋಡಬೇಕು.

ಇನ್ನು ಒಳಗಿಡುವ ರೀತಿ. ದೊಡ್ಡವರಿಗೆ ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೇರವಾಗುತ್ತದೆ; ಹಸುಗೂಸಿಗೆ ಕೆಳಕ್ಕೂ ಹಿಂದಕ್ಕೂ ಎಳೆಯಬೇಕು. ಕೂಸಿನ ನಾಳದ ಗೋಡೆ ಇನ್ನೂ ಎಲುಬಾಗಿರುವುದಿಲ್ಲ, ಬಹುಪಾಲು ಮೆತ್ತನೆಯ ಮೃದ್ವಸ್ಥಿಯೇ ಆಗಿರುತ್ತದೆ, ಆದುದರಿಂದ ಸುಮ್ಮನಿದ್ದರೆ ಗೋಡೆಗೆ ಗೋಡೆ ತಾಗಿಕೊಂಡು ಸೀಳಿನ ಹಾಗೆ ಮುಚ್ಚಿರುತ್ತದೆ. ಮಗು ಬಲಮಗ್ಗುಲಲ್ಲಿ ಮಲಗಿ ಎದ್ದಿದ್ದರೆ ಬಲಗಿವಿ ಇನ್ನಷ್ಟು ಚಪ್ಪಟೆಯಾಗಿರುತ್ತದೆ. ಮಗ್ಗುಲು ಬದಲಿಸಿ, ಹಾಲೆಯನ್ನು ನಾಲ್ಕಾರು ಸಲ ಹಗುರವಾಗಿ ಎಳೆದು ಬಿಟ್ಟು, ಕೆಲವು ನಿಮಿಷ ಕಾಯುವುದು ಒಳ್ಳೆಯದು. ಆಮೇಲೆ ಪ್ರೋಬಿನ ಮೂತಿಯನ್ನು ಮಗುವಿನ ಮೂಗಿನ ಕಡೆಗೆ ಸ್ವಲ್ಪ ಮುಂದಕ್ಕೆ ತಿರುಗಿಸಿಟ್ಟು, ತಿರುಪು ಹಾಕುವಂತೆ ಕೊಂಚ ಹೊರಳಿಸುತ್ತಾ ಒಳಗಿಟ್ಟು, ಕೊನೆಗೆ ಹಾಲೆಯನ್ನು ಬಿಡಬೇಕು. ಹಾಲೆ ತನ್ನ ಜಾಗಕ್ಕೆ ಮರಳುವಾಗ ಟಿಪ್ಪನ್ನು ತಾನೇ ಹಿಡಿದುಕೊಳ್ಳುತ್ತದೆ.

ಸರಿಯಾಗಿ ಕೂತ ಪ್ರೋಬನ್ನು ಕೈಯಿಂದ ಹಿಡಿಯಬೇಕಾಗಿಲ್ಲ. ನಾನು ಹೊಸಬರಿಗೆ ಕಲಿಸುವಾಗ ಮೊದಲು ಮಾಡಿಸುವುದು ಇದನ್ನೇ: ಪ್ರೋಬ್ ಇಟ್ಟು ಕೈ ಬಿಡಿ, ಐದು ಎಣಿಸಿ. ಅಷ್ಟರಲ್ಲಿ ಜಾರಿದರೆ ಆ ಹೊಂದಾಣಿಕೆಯ ಮೇಲೆ ಪರೀಕ್ಷೆ ನಡೆಸುವ ಅಗತ್ಯವೇ ಇಲ್ಲ. ಬೆರಳಿನಿಂದ ಒತ್ತಿ ಹಿಡಿದು ಪರೀಕ್ಷೆ ಮುಗಿಸುವವರಿದ್ದಾರೆ. ಒತ್ತಿದ ಪ್ರೋಬ್ ನಾಳದ ಗೋಡೆಗೆ ಮೂತಿ ತಾಗಿಸಿಕೊಂಡು ಕೂರುತ್ತದೆ, ಬೆರಳಿನ ನಡುಕವೂ ಮೈಕ್ರೋಫೋನಿಗೆ ಶಬ್ದವಾಗಿಯೇ ಕೇಳುತ್ತದೆ. ವೈರಿನ ಭಾರ ಪ್ರೋಬನ್ನು ಎಳೆಯದಂತೆ ಅದನ್ನು ಹೊದಿಕೆಗೆ ಕ್ಲಿಪ್ ಹಾಕಬೇಕು, ಆದರೆ ಕೂಸನ್ನು ಸುತ್ತಿದ ಹಳೇ ಪಂಚೆಯ ಬಟ್ಟೆಗೆ ವೈರು ಉಜ್ಜದಂತೆ ನೋಡಿಕೊಳ್ಳಬೇಕು. ಉಜ್ಜುವ ಆ ಸಣ್ಣ ಸದ್ದು ನಮಗೆ ಕೇಳಿಸದಿದ್ದರೂ ಯಂತ್ರಕ್ಕೆ ಕೇಳಿಸುತ್ತದೆ.

ಇಷ್ಟಾದ ಮೇಲೆ ಪರದೆ. ಕ್ಲಿಕ್ ಎಂಬ ಚುಟುಕು ಶಬ್ದವನ್ನು ಬಳಸುವ ಯಂತ್ರವಾದರೆ ಪ್ರಚೋದಕ ಶಬ್ದದ ಅಲೆಯ ಚಿತ್ರವನ್ನು ನೋಡಿ: ಅದು ಒಮ್ಮೆ ಚುರುಕಾಗಿ ಏರಿ ಇಳಿದು ಬೇಗನೆ ನೆಲ ಮುಟ್ಟಬೇಕು. ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನದಂತೆ ಅಲೆ ಕಂಪಿಸುತ್ತಲೇ ಇದ್ದರೆ ಪ್ರೋಬ್ ಸಡಿಲವಾಗಿದೆ ಅಥವಾ ಗೋಡೆಗೆ ತಾಗಿದೆ. ಎರಡು ಸ್ವರಗಳನ್ನು ಬಳಸುವ ಡಿಪಿಓಎಇ ಯಂತ್ರವಾದರೆ ಸಾಮಾನ್ಯವಾಗಿ ಒಂದು ಸ್ವರ 65 ಡೆಸಿಬಲ್, ಇನ್ನೊಂದು 55 ಡೆಸಿಬಲ್ ಎಂದು ನಿಗದಿಯಾಗಿರುತ್ತದೆ. ಪ್ರತಿ ಆವರ್ತನದಲ್ಲಿಯೂ ಕಿವಿಯೊಳಗೆ ಅಳೆದ ಮಟ್ಟ ಇವುಗಳ ಹತ್ತಿರವೇ ಇದೆಯೇ ಎಂದು ನೋಡಬೇಕು. ಪಾಸ್ ಮತ್ತು ರೆಫರ್ ಅಕ್ಷರಗಳನ್ನು ಮಾತ್ರ ತೋರಿಸುವ ಕೈಯಂತ್ರಗಳಲ್ಲಿಯೂ ಈ ವಿವರಗಳು ಬಹುಮಟ್ಟಿಗೆ ಒಳಪುಟಗಳಲ್ಲಿ ಅಡಗಿರುತ್ತವೆ. ಒಂದು ಗುಂಡಿ ಹೆಚ್ಚು ಒತ್ತುವ ತಾಳ್ಮೆ ಇದ್ದರೆ ಸಾಕು.

ಕಿವಿಯೊಳಗಿನ ಅಡ್ಡಿಗಳು

ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಪರೀಕ್ಷೆ ಮಾಡಿದರೆ ರೆಫರ್ ಹೆಚ್ಚು ಬರುತ್ತದೆ, ಅದಕ್ಕೆ ಕಾರಣ ಕೂಸಿನ ಮೈಮೇಲಿದ್ದ ಬಿಳಿ ಲೇಪ ನಾಳದಲ್ಲಿಯೂ ತುಂಬಿಕೊಂಡಿರುವುದು ಮತ್ತು ನಡುಗಿವಿಯಲ್ಲಿ ಇನ್ನೂ ದ್ರವ ಉಳಿದಿರುವುದು. ಒಂದು ದಿನ ಕಳೆದ ಮೇಲೆ, ಮನೆಗೆ ಕಳಿಸುವ ಹೊತ್ತಿಗೆ ಪರೀಕ್ಷಿಸುವುದೇ ಮೇಲು. ಪ್ರೋಬನ್ನು ಹೊರತೆಗೆದಾಗ ಟಿಪ್ಪಿನ ತುದಿಯಲ್ಲಿ ಬೆಣ್ಣೆಯಂಥ ಬಿಳಿ ಚೂರು ಅಂಟಿಕೊಂಡು ಬಂದಿದ್ದರೆ ಒಂದು ಲೆಕ್ಕಕ್ಕೆ ಅದು ಒಳ್ಳೆಯ ಸುದ್ದಿ, ಏಕೆಂದರೆ ಟಿಪ್ ಅಷ್ಟು ದಾರಿ ಮಾಡಿಕೊಂಡಿದೆ. ಟಿಪ್ ಬದಲಿಸಿ ಮತ್ತೊಮ್ಮೆ ಇಟ್ಟರೆ ಹಲವು ಸಲ ಫಲಿತಾಂಶ ಬದಲಾಗುತ್ತದೆ. ಬತ್ತಿ ಹೊಸೆದೋ ಹತ್ತಿಯ ಕಡ್ಡಿ ಹಾಕಿಯೋ ಕೂಸಿನ ನಾಳವನ್ನು ಶುಚಿಮಾಡಲು ಯಾರೂ ಕೈ ಹಾಕಬಾರದು.

ನಮ್ಮ ಕಡೆಯ ಇನ್ನೊಂದು ಅಡ್ಡಿ ಎಣ್ಣೆ. ತಿಂಗಳ ಮರುಪರೀಕ್ಷೆಗೆ ಬಂದ ಕೂಸಿನ ಕಿವಿಗೆ ಟಿಪ್ ಇಟ್ಟಾಗಲೆಲ್ಲ ಜಾರುತ್ತಿದ್ದರೆ ಜೊತೆಗೆ ಬಂದ ಅಜ್ಜಿಯನ್ನು ಕೇಳಿ. ‘ಎರೆಯೋವಾಗ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟಿದ್ದೆ ಕಣವ್ವ, ತಂಪಾಗಲಿ ಅಂತ’ ಎಂಬ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಣ್ಣೆ ಟಿಪ್ಪನ್ನು ಜಾರಿಸುತ್ತದೆ, ನಾಳದಲ್ಲಿನ ಗುಗ್ಗೆಯನ್ನು ಉಬ್ಬಿಸುತ್ತದೆ, ಪ್ರೋಬಿನ ಸೂಕ್ಷ್ಮ ರಂಧ್ರಕ್ಕೆ ಏರಿದರೆ ಮೈಕ್ರೋಫೋನಿಗೂ ಕುತ್ತು. ಅಜ್ಜಿಯನ್ನು ಗದರಿಸಿ ಪ್ರಯೋಜನವಿಲ್ಲ. ಕೂಸಿನ ಮೇಲಿನ ಅಕ್ಕರೆಯಿಂದಲೇ ಆಕೆ ಹಾಗೆ ಮಾಡಿರುವುದು. ತಲೆಗೆ, ಮೈಗೆ ಎಣ್ಣೆ ಹಚ್ಚಿ, ಕಿವಿಯೊಳಕ್ಕೆ ಮಾತ್ರ ಬಿಡಬೇಡಿ ಎಂದು ಹೇಳಿ ಬೇರೊಂದು ದಿನ ಕೊಟ್ಟರೆ ಅವರು ಬರುತ್ತಾರೆ. ಮೊದಲ ತಪಾಸಣೆಯ ದಿನವೇ ಈ ಮಾತನ್ನು ಹೇಳಿದ್ದರೆ ಇನ್ನೂ ಒಳಿತು.

ನಾಲ್ಕು ಕೂಸುಗಳು, ಒಂದೇ ಬೆಳಿಗ್ಗೆ

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾನು ಒಂದೇ ಬೆಳಿಗ್ಗೆ ಸಾಲಾಗಿ ನಾಲ್ಕು ಕೂಸುಗಳನ್ನು ಪರೀಕ್ಷಿಸಿದೆ. ಮೊದಲ ಮೂರಕ್ಕೂ ಎರಡೂ ಕಿವಿಗಳಲ್ಲಿ ರೆಫರ್ ಬಂತು. ಟಿಪ್ ಬದಲಿಸಿದೆ, ಮಗ್ಗುಲು ಬದಲಿಸಿದೆ, ಮತ್ತೆ ಮಾಡಿದೆ, ಮತ್ತೆ ರೆಫರ್. ಹಸಿರು ದೀಪ ಮಾತ್ರ ಪ್ರತಿ ಸಲವೂ ಹತ್ತಿತ್ತು, ಹಾಗಾಗಿ ಮೂವರಿಗೂ ಚೀಟಿ ಬರೆದುಕೊಟ್ಟೆ. ನಾಲ್ಕನೆಯ ಕೂಸಿಗೂ ಹಾಗೆಯೇ ಆದಾಗ ಕೈ ನಿಂತಿತು. ಹುಟ್ಟುವ ಮಕ್ಕಳಲ್ಲಿ ಶಾಶ್ವತ ಶ್ರವಣದೋಷವಿರುವವರು ಸಾವಿರಕ್ಕೆ ಕೆಲವರು ಮಾತ್ರ. ಒಂದು ವಾರ್ಡಿನ ಒಂದು ಸಾಲಿನಲ್ಲಿ ನಾಲ್ವರು ಇರುವುದು ಹೇಗೆ?

ದೊಡ್ಡವರ ಟಿಪ್ ಹಾಕಿ ನನ್ನ ಕಿವಿಗೇ ಪ್ರೋಬ್ ಇಟ್ಟುಕೊಂಡೆ. ಹಿಂದಿನ ವಾರ ಅದೇ ಯಂತ್ರದಲ್ಲಿ ಪಾಸಾಗಿದ್ದ ನನ್ನ ಕಿವಿಯೂ ರೆಫರ್ ಆಯಿತು. ಕಿಟಕಿಯ ಬಳಿ ಹೋಗಿ ಭೂತಗನ್ನಡಿಯಲ್ಲಿ ಮೂತಿಯನ್ನು ನೋಡಿದರೆ, ಮೈಕ್ರೋಫೋನಿನ ರಂಧ್ರದ ಬಾಯಲ್ಲಿ ಒಣಗಿದ ಸುಣ್ಣದ ಚೂರಿನಂಥದೊಂದು, ಸಾಸಿವೆಯ ಕಾಲುಭಾಗವೂ ಇಲ್ಲದ್ದು, ಅಂಟಿಕೊಂಡಿತ್ತು. ಹಿಂದಿನ ದಿನದ ಯಾವುದೋ ಕೂಸಿನ ಬಿಳಿ ಲೇಪ ಒಣಗಿ ಗಟ್ಟಿಯಾಗಿತ್ತು. ಯಂತ್ರದ ಜೊತೆಗೆ ಕೊಟ್ಟಿದ್ದ ಶುಚಿಮಾಡುವ ದಾರವನ್ನು ಹಾಯಿಸಿ ತೆಗೆದೆ. ನನ್ನ ಕಿವಿ ಪಾಸಾಯಿತು, ನಾಲ್ಕನೆಯ ಕೂಸೂ ಪಾಸಾಯಿತು.

ಮೊದಲ ಮೂವರಲ್ಲಿ ಇಬ್ಬರು ಇನ್ನೂ ವಾರ್ಡಿನಲ್ಲಿಯೇ ಇದ್ದರು, ಇಬ್ಬರೂ ಪಾಸಾದರು. ಮೂರನೆಯ ಮನೆಯವರು ಹೊರಟುಹೋಗಿದ್ದರು. ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳಿಸಿ, ಅವರು ಮತ್ತೆ ಬಂದದ್ದು ನಾಲ್ಕನೆಯ ದಿನ. ಆ ಕೂಸಿಗೂ ಏನೂ ಆಗಿರಲಿಲ್ಲ. ‘ನಿಮ್ಮ ಚೀಟಿ ಕಂಡ ಮೇಲೆ ನನ್ನ ಮಗಳ ಗಂಟಲಲ್ಲಿ ಮೂರು ದಿನ ಅನ್ನ ಇಳೀಲಿಲ್ಲ ಕಣವ್ವ’ ಎಂದು ಅಜ್ಜಿ ಕೋಪವಿಲ್ಲದೆ ಹೇಳಿದರು. ತಪ್ಪು ನನ್ನದೆಂದು ಅವರಿಗೆ ಹೇಳಿದೆ.

ಅಂದಿನಿಂದ ಬೆಳಿಗ್ಗೆ ಮೊದಲ ಮಗುವನ್ನು ಮುಟ್ಟುವ ಮೊದಲು ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡುತ್ತೇನೆ. ಮೊದಲನೆಯದು ಯಂತ್ರದ ಜೊತೆ ಬರುವ ಪರೀಕ್ಷಾ ಕುಳಿಯಲ್ಲಿ ಪ್ರೋಬನ್ನಿಟ್ಟು ನಡೆಸುವುದು. ಜೀವವಿಲ್ಲದ ಕುಳಿಯಿಂದ ಯಾವ ದನಿಯೂ ಬರಬಾರದು. ಅಲ್ಲಿ ಪಾಸ್ ಬಂದರೆ ಯಂತ್ರ ತನ್ನದೇ ವಿಕೃತಿಯನ್ನು ಕಿವಿಯ ದನಿಯೆಂದು ಎಣಿಸುತ್ತಿದೆ ಎಂದು ತಿಳಿಯಬೇಕು, ಆ ಯಂತ್ರವನ್ನು ಆ ದಿನ ಬಳಸಲೇಬಾರದು. ಕಿವುಡು ಮಗುವನ್ನು ಪಾಸ್ ಮಾಡುವ ಯಂತ್ರ, ಕೇಳುವ ಮಗುವನ್ನು ರೆಫರ್ ಮಾಡುವ ಯಂತ್ರಕ್ಕಿಂತ ಹೆಚ್ಚು ಅಪಾಯಕಾರಿ. ಎರಡನೆಯದು ಸರಿಯಾಗಿ ಕೇಳುವ ಕಿವಿಯೆಂದು ಮೊದಲೇ ತಿಳಿದಿರುವ ಒಬ್ಬರ ಕಿವಿಯಲ್ಲಿ ನಡೆಸುವುದು. ಅಲ್ಲಿ ದನಿ ಬರಲೇಬೇಕು. ಎರಡಕ್ಕೂ ಸೇರಿ ಐದು ನಿಮಿಷ ಬೇಕಾಗುವುದಿಲ್ಲ.

ಗದ್ದಲವನ್ನು ಪ್ರೋಬಿನ ಲೆಕ್ಕಕ್ಕೆ ಬರೆಯಬೇಡಿ

ಪ್ರೋಬ್ ಎಷ್ಟೇ ಬಿಗಿಯಾಗಿ ಕೂತರೂ ತಡೆಯಲಾಗದ ಗದ್ದಲವಿರುತ್ತದೆ. ತಲೆಯ ಮೇಲಿನ ಫ್ಯಾನು, ಪಕ್ಕದ ಕೋಣೆಯ ಸಕ್ಷನ್ ಯಂತ್ರ, ನೋಡಲು ಬಂದ ನೆಂಟರ ಮಾತು, ಇವೆಲ್ಲ ಕಣ್ಣಿಗೆ ಬೀಳುವಂಥವು. ಕೂಸಿನ ಒಳಗಿನ ಗದ್ದಲವನ್ನು ಜನ ಮರೆಯುತ್ತಾರೆ: ಮೂಗು ಕಟ್ಟಿದ ಉಸಿರು, ಬಾಯಲ್ಲಿ ಚೀಪುತ್ತಿರುವ ಬೆರಳು, ಬಿಕ್ಕಳಿಕೆ. ಹಾಲು ಕುಡಿದು ತೇಗಿ ಮಲಗಿದ ಕೂಸಿನ ಮೇಲೆ ಒಂದು ಕಿವಿಯ ಪರೀಕ್ಷೆ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ; ಅಳುವ ಕೂಸಿನ ಮೇಲೆ ಅರ್ಧ ಗಂಟೆ ಹೆಣಗಿದರೂ ಮುಗಿಯುವುದಿಲ್ಲ. ಗದ್ದಲದಿಂದ ಪರೀಕ್ಷೆ ಪೂರ್ಣಗೊಳ್ಳದಿದ್ದರೆ ‘ಪೂರ್ಣಗೊಂಡಿಲ್ಲ’ ಎಂದೇ ಬರೆಯಬೇಕು, ರೆಫರ್ ಎಂದಲ್ಲ.

ದೊಡ್ಡ ಮಕ್ಕಳ ಟಿಂಪನೋಮೆಟ್ರಿಯಲ್ಲಿ, ಅಂದರೆ ಕಿವಿನಾಳದ ಗಾಳಿಯೊತ್ತಡ ಬದಲಿಸುತ್ತಾ ತಮಟೆ ಮತ್ತು ನಡುಗಿವಿಯ ಸ್ಥಿತಿಯನ್ನು ರೇಖೆಯಾಗಿ ತೋರಿಸುವ ಪರೀಕ್ಷೆಯಲ್ಲಿ, ಇದೇ ತರ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರೇಖೆ ಚಪ್ಪಟೆಯಾಗಿ ಬಂದರೆ ನಾಳದ ಗಾತ್ರದ ಅಂಕಿಯನ್ನು ಓದಬೇಕು: ಗಾತ್ರ ತೀರಾ ಕಡಿಮೆಯಿದ್ದರೆ ಗುಗ್ಗೆ ಅಡ್ಡವಿದೆ ಅಥವಾ ಪ್ರೋಬ್ ಗೋಡೆಗೆ ತಾಗಿದೆ, ಗಾತ್ರ ಸಹಜವಾಗಿದ್ದರೆ ನಡುಗಿವಿಯ ದ್ರವವನ್ನು ಯೋಚಿಸಬಹುದು, ತೀರಾ ಹೆಚ್ಚಿದ್ದರೆ ತಮಟೆಯಲ್ಲಿ ತೂತಿರಬಹುದು. ಒತ್ತಡವೇ ನಿಲ್ಲದೆ ಯಂತ್ರ ಪದೇ ಪದೇ ಮೊದಲಿಗೆ ಮರಳುತ್ತಿದ್ದರೆ ಅದು ಸೋರಿಕೆ. ಆರು ತಿಂಗಳೊಳಗಿನ ಕೂಸಿಗೆ 226 ಹರ್ಟ್ಸ್ ಬದಲು 1000 ಹರ್ಟ್ಸ್ ಸ್ವರವನ್ನೇ ಬಳಸಬೇಕು, ಇಲ್ಲದಿದ್ದರೆ ದ್ರವ ತುಂಬಿದ ನಡುಗಿವಿಯೂ ಸಹಜವೆಂದು ತೋರಬಹುದು.

ಎಷ್ಟು ಸಲ, ಮತ್ತು ಎಲ್ಲಿ ನಿಲ್ಲಿಸಬೇಕು

ಪ್ರೋಬನ್ನು ಅನುಮಾನಿಸಿ ಎಂದು ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಪಾಸ್ ಬರುವವರೆಗೂ ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೋದರೆ ಎಂದಾದರೊಂದು ಸಲ ಆಕಸ್ಮಿಕವಾಗಿಯೂ ಪಾಸ್ ಬಂದೀತು, ಮತ್ತು ಆ ಒಂದು ಪಾಸ್ ನಿಜವಾದ ದೋಷವನ್ನು ಮುಚ್ಚಿಹಾಕೀತು. ಒಂದು ಕಿವಿಗೆ, ಒಂದು ಸಲಕ್ಕೆ, ಹೊಂದಾಣಿಕೆ ಮತ್ತು ಗದ್ದಲ ಎರಡೂ ಸರಿಯಿರುವಾಗ ಎರಡು ಪ್ರಯತ್ನ ಸಾಕು. ಎರಡರಲ್ಲಿಯೂ ರೆಫರ್ ಬಂದರೆ ಅದನ್ನು ಒಪ್ಪಿಕೊಂಡು ಮರುಪರೀಕ್ಷೆಯ ದಿನ ಕೊಡಬೇಕು, ಮರುಪರೀಕ್ಷೆಯಲ್ಲಿ ಒಂದು ಕಿವಿ ಮಾತ್ರ ಬಿದ್ದಿದ್ದರೂ ಎರಡನ್ನೂ ಪರೀಕ್ಷಿಸಬೇಕು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಐದು ದಿನಗಳಿಗಿಂತ ಹೆಚ್ಚು ಇದ್ದ ಕೂಸಿಗೆ ಓಎಇ ಒಂದೇ ಸಾಲದು, ಏಕೆಂದರೆ ಹೊರಕೂದಲು ಕೋಶಗಳು ಸರಿಯಿದ್ದು ಶ್ರವಣ ನರದ ದಾರಿ ಕೆಟ್ಟಿದ್ದರೆ ಓಎಇ ಪಾಸ್ ಆಗಿಬಿಡುತ್ತದೆ; ಅಂಥ ಕೂಸಿಗೆ ಮಿದುಳುಕಾಂಡದ ಪ್ರತಿಕ್ರಿಯೆಯನ್ನು ಅಳೆಯುವ ಎಬಿಆರ್ ಪರೀಕ್ಷೆ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೂ ಇರುವುದು ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳವರಿಗೆ ದೊಡ್ಡ ಅನುಕೂಲ; ಅಲ್ಲಿಗೆ ಕಳಿಸುವ ಚೀಟಿಗೆ ಬೆಲೆ ಬರುವುದು ಅದರಲ್ಲಿ ಬರೆದ ವಿವರದಿಂದ.

ಹಾಗಾಗಿ ನನ್ನ ಚೀಟಿಯಲ್ಲಿ ರೆಫರ್ ಎಂಬ ಪದದ ಕೆಳಗೆ ಒಂದು ಸಾಲು ಹೆಚ್ಚಿಗೆ ಇರುತ್ತದೆ. ಅದು ಹೀಗಿರುತ್ತದೆ: ‘ಬಲಗಿವಿ, ಎರಡು ಪ್ರಯತ್ನ, ಟಿಪ್ 4 ಮಿಲಿಮೀಟರ್, ಪ್ರೋಬ್ ಕೈ ಬಿಟ್ಟರೂ ನಿಂತಿತ್ತು, ಪ್ರಚೋದಕ ಅಲೆ ಸರಿಯಿತ್ತು, ಮಗು ನಿದ್ದೆಯಲ್ಲಿತ್ತು, ಬೆಳಿಗ್ಗೆ ಕುಳಿಯ ಪರೀಕ್ಷೆ ಮತ್ತು ತಿಳಿದ ಕಿವಿಯ ಪರೀಕ್ಷೆ ಆಗಿವೆ.’ ಇದನ್ನು ಓದಿದ ಮುಂದಿನ ಪರೀಕ್ಷಕರು ಪ್ರೋಬಿನಿಂದ ಮತ್ತೆ ಆರಂಭಿಸದೆ ನೇರವಾಗಿ ಆ ಬಲಗಿವಿಯಿಂದ ಆರಂಭಿಸಬಹುದು.